ನಮ್ಮನೇಲಿ ಬೇಳೆ ಬೇಯ್ತದೆ

ಗಡಸು ನೀರು ಎಂದರೇನು ಎಂಬ ಪ್ರಶ್ನೆಗೆ ನಾನು ಹೈಸ್ಕೂಲಿನಿಂದ ಬಿ.ಎಸ್ಸಿ.ವರೆಗೆ ಒಂದೇ ಉತ್ತರ ಬರೆದು ಪ್ರತಿ ಸಲವೂ ಪೂರ್ತಿ ಅಂಕ ತೆಗೆದುಕೊಂಡವಳು. ಸಾಬೂನಿನೊಡನೆ ಸುಲಭವಾಗಿ ನೊರೆ ಕೊಡದ ನೀರು ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕರಗಿರುವುದು ಇದಕ್ಕೆ ಕಾರಣ. ಬೈಕಾರ್ಬೊನೇಟುಗಳಿದ್ದರೆ ತಾತ್ಕಾಲಿಕ ಗಡಸುತನ, ಕುದಿಸಿದರೆ ಹೋಗುತ್ತದೆ. ಕ್ಲೋರೈಡು, ಸಲ್ಫೇಟುಗಳಿದ್ದರೆ ಶಾಶ್ವತ ಗಡಸುತನ, ಕುದಿಸಿದರೂ ಹೋಗುವುದಿಲ್ಲ. ಇಷ್ಟನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಗಡಸು ನೀರನ್ನು ಕಣ್ಣಿಂದ ಕಂಡಿರಲಿಲ್ಲ. ಹಳೇಕೋಟೆಯ ನಮ್ಮ ಮನೆಯಲ್ಲಿ ಕುಡಿಯುತ್ತಿದ್ದದ್ದು ಹೊಳೆ ನೀರು. ಓದಿದ್ದು ಹೊಳೆನರಸೀಪುರದಲ್ಲಿ, ಆಮೇಲೆ ಹಾಸನದಲ್ಲಿ. ಬಿ.ಎಡ್. ಮುಗಿಸಿ ಅರಕಲಗೂಡಿನ ಒಂದು ಶಾಲೆಯಲ್ಲಿ ಒಂದು ವರ್ಷ ಪಾಠ ಹೇಳಿದೆ. ಅಲ್ಲಿಯೂ ಗಡಸು ನೀರಿನ ಪಾಠ ಬಂತು, ಮಾಡಿದೆ. ಮಕ್ಕಳೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಯಾರಿಗೂ ತೊಂದರೆಯಾಗಲಿಲ್ಲ.

ತೊಂಬತ್ತರ ದಶಕದ ಮಧ್ಯದಲ್ಲಿ ನನಗೆ ಚನ್ನರಾಯಪಟ್ಟಣಕ್ಕೆ ಮದುವೆಯಾಯಿತು. ಅಲ್ಲಿಯೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಕೆಲಸವೂ ಸಿಕ್ಕಿತು. ನಮ್ಮ ಮಾವನವರಿಗೆ ನುಗ್ಗೇಹಳ್ಳಿ ಕಡೆ ತೆಂಗಿನ ತೋಟವಿತ್ತು. ಮನೆ ಮಾತ್ರ ಪಟ್ಟಣದಲ್ಲಿ. ಅತ್ತೆ ಹಿರೀಸಾವೆ ಕಡೆಯವರು, ಮಾತು ಕಡಿಮೆ. ನಮ್ಮ ಯಜಮಾನರು ಕರೆಂಟ್ ಆಫೀಸಿನಲ್ಲಿದ್ದರು, ಅವರದು ಇನ್ನೂ ಕಡಿಮೆ. ಮನೆಯ ಮಾತನ್ನೆಲ್ಲ ಮಾವನವರೊಬ್ಬರೇ ಆಡುತ್ತಿದ್ದರು.

ನಮ್ಮ ಮದುವೆಗೆ ಸ್ವಲ್ಪ ಮುಂಚೆ ಮಾವ ಹಿತ್ತಲಲ್ಲಿ ಬೋರ್ ಕೊರೆಸಿದ್ದರು. ನೀರು ನೋಡುವವನೊಬ್ಬ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹಿತ್ತಲೆಲ್ಲ ತಿರುಗಿದನಂತೆ. ಸೀಬೆ ಗಿಡದ ಪಕ್ಕ ಬಂದಾಗ ಕಾಯಿ ಎದ್ದು ನಿಂತಿತಂತೆ. ಅಲ್ಲಿಯೇ ಕೊರೆದರು, ಮೊದಲ ಏಟಿಗೇ ನೀರು ಚಿಮ್ಮಿ ಪಕ್ಕದ ಮನೆಯ ಹೆಂಚಿನ ಮೇಲೆ ಬಿತ್ತಂತೆ. ಅಕ್ಕಪಕ್ಕದಲ್ಲಿ ಎರಡು ಮೂರು ಮನೆಯವರು ಕೊರೆಸಿ ಬರೀ ಧೂಳು ಕಂಡಿದ್ದರು. ಹಾಗಾಗಿ ಮಾವ ಗಂಗೆ ಪೂಜೆ ಮಾಡಿಸಿ, ಬೀದಿಗೆಲ್ಲ ಸಿಹಿ ಹಂಚಿ, ಅದೇ ಸಂಭ್ರಮದಲ್ಲಿ ಮಗನ ಮದುವೆಯನ್ನೂ ಮುಗಿಸಿಬಿಟ್ಟರು. ನನ್ನನ್ನು ನೋಡಲು ಬಂದ ನೆಂಟರಿಗೆಲ್ಲ ಮೊದಲು ಬೋರು ತೋರಿಸುತ್ತಿದ್ದರು.

"ಮೊದ್ಲು ಗಂಗೆ ಬಂದ್ಲು, ಆಮ್ಯಾಕೆ ಸೊಸೆ ಬಂದ್ಲು. ಎಲ್ಡೂ ಒಳ್ಳೇ ಕಾಲ್ಗುಣ" ಎನ್ನುತ್ತಿದ್ದರು.

ನನಗೆ ಸಂತೋಷವೇ ಆಗುತ್ತಿತ್ತು. ಎರಡನೇ ಸ್ಥಾನವಾದರೂ ಸ್ಥಾನವೇ.

ಮದುವೆಯಾದ ಮೇಲೆ ಮೊದಲ ಭಾನುವಾರ ನಾನೇ ಸಾರು ಮಾಡುತ್ತೇನೆಂದು ಅಡುಗೆಮನೆಗೆ ಹೋದೆ. ತೊಗರಿಬೇಳೆ ತೊಳೆದು, ನಲ್ಲಿ ತಿರುಗಿಸಿ ನೀರು ಹಿಡಿದು, ಅರಿಶಿನ, ಎರಡು ಹನಿ ಹರಳೆಣ್ಣೆ ಹಾಕಿ ಕುಕ್ಕರ್ ಇಟ್ಟೆ. ಕೂಗಿತು. ತೆರೆದು ನೋಡಿದರೆ ಬೇಳೆ ಅಂಗಡಿಯಲ್ಲಿದ್ದ ಹಾಗೇ ಇತ್ತು. ಮತ್ತೆ ಇಟ್ಟೆ. ಮತ್ತೆ ಕೂಗಿತು. ಬೇಳೆ ಸ್ವಲ್ಪ ಉಬ್ಬಿತ್ತು, ಒಡೆದಿರಲಿಲ್ಲ. ಸೌಟಿನಿಂದ ಒತ್ತಿದರೆ ಜಾರಿ ಪಕ್ಕಕ್ಕೆ ಹೋಗುತ್ತಿತ್ತು. ಹೊಸ ಸೊಸೆ ಮೊದಲ ದಿನವೇ ಬೇಳೆ ಬೇಯಿಸಲಾರಳು ಎಂದರೆ ಹಳೇಕೋಟೆಯ ಮರ್ಯಾದೆ ಏನಾಗಬೇಕು? ನಾನು ಬೇಳೆಯನ್ನು ಅನುಮಾನಿಸಿದೆ, ಕುಕ್ಕರಿನ ರಬ್ಬರನ್ನು ಅನುಮಾನಿಸಿದೆ. ನೀರನ್ನು ಮಾತ್ರ ಅನುಮಾನಿಸಲಿಲ್ಲ. ಪಾಠದಲ್ಲಿ ಸಾಬೂನಿನ ವಿಷಯವಿತ್ತೇ ಹೊರತು ಬೇಳೆಯ ವಿಷಯ ಇರಲಿಲ್ಲ.

ಅತ್ತೆ ಬಂದು ಕುಕ್ಕರಿನೊಳಗೆ ಒಮ್ಮೆ ಇಣುಕಿದರು. ಹೋಗಿ ನಡುಮನೆ ಬಾಗಿಲು ಮುಂದೆ ಮಾಡಿ ಬಂದರು. ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ದೊಡ್ಡದೊಂದು ಹಾಲಿನ ಕ್ಯಾನು ಎಳೆದರು. ಮುಚ್ಚಳ ತೆಗೆದರೆ ಒಳಗೆ ನೀರು.

"ಬ್ಯಾಳೆಗೆ ಇದು. ಕಾಪಿಗೂ ಇದೇಯ" ಎಂದರು. "ನಿಮ್ಮಾವಂಗೆ ಏಳ್ಬ್ಯಾಡ."

ಆ ಬೇಳೆಯನ್ನು ಕಲಗಚ್ಚಿನ ಬಾನಿಗೆ ಸುರಿದು, ಬೇರೆ ಬೇಳೆ ಇಟ್ಟೆವು. ಒಂದೆರಡು ಕೂಗಿಗೆ ಬೆಣ್ಣೆಯ ಹಾಗೆ ಬೆಂದಿತು.

ವಿಷಯ ಆಮೇಲೆ ತಿಳಿಯಿತು. ಬೋರಿನ ನೀರು ಬಂದ ಮೊದಲ ದಿನವೇ ಅತ್ತೆಗೆ ಗೊತ್ತಾಗಿತ್ತು. ಮೊದಮೊದಲು ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಬೇಯಿಸಿದರಂತೆ. ಬೇಳೆ ಬೆಂದಿತು, ಆದರೆ ಮಾವ ಒಂದು ತುತ್ತಿಗೇ ಕಂಡುಹಿಡಿದು, "ಇದ್ಯಾಕೆ ಸೌಳು ವಾಸ್ನೆ ಬತ್ತದೆ?" ಎಂದು ತಟ್ಟೆ ಸರಿಸಿದರಂತೆ. ನೀರು ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅತ್ತೆಗೆ ಬರಲಿಲ್ಲ. ಹಿಂದಿನ ಬೀದಿಯಲ್ಲಿ ಹಸು ಸಾಕಿದ ಅಜ್ಜಿಯೊಬ್ಬರ ಮನೆಯಿಂದ ನಮಗೆ ಹಾಲು ಬರುತ್ತಿತ್ತು. ಆ ಅಜ್ಜಿಯ ಹಿತ್ತಲಲ್ಲಿ ಸೀನೀರಿನ ಬಾವಿ. ಅತ್ತೆ ಬೆಳಿಗ್ಗೆ ಎರಡು ಕ್ಯಾನು ಹಿಡಿದು ಹೊರಡುತ್ತಿದ್ದರು, ಚಿಕ್ಕದರಲ್ಲಿ ಹಾಲು, ದೊಡ್ಡದರಲ್ಲಿ ನೀರು. ಜಗಲಿಯ ಮೇಲೆ ಕೂತ ಮಾವನ ಎದುರಿಗೇ ಎರಡನ್ನೂ ಹಿಡಿದು ಒಳಗೆ ಬರುತ್ತಿದ್ದರು. ನಾನು ಬಂದ ಮೇಲೆ ಒಂದು ದಿನ ಅತ್ತೆ, ಒಂದು ದಿನ ನಾನು ಎಂದಾಯಿತು.

ಮಾವ ಒಂದು ಸಲ ಮಾತ್ರ, "ಅಲ್ಲಾ, ಇಷ್ಟೊಂದು ಆಲು ತತ್ತೀರಿ, ಮೊಸ್ರು ಮಾತ್ರ ಇಷ್ಟೇ ಐತಲ್ಲ?" ಎಂದು ಕೇಳಿದರು.

"ಬೆಕ್ಕಿನ ಕಾಟ" ಎಂದರು ಅತ್ತೆ.

ಊಟಕ್ಕೆ ಕೂತಾಗಲೆಲ್ಲ ಮಾವ ಸಾರು ಸುರಿದುಕೊಂಡು, "ನೋಡ್ಲಾ, ಬೋರ್ ನೀರಿನ ರುಚಿನೇ ಬ್ಯಾರೆ" ಎಂದು ಮಗನಿಗೆ ಹೇಳುತ್ತಿದ್ದರು. ನಮ್ಮ ಯಜಮಾನರು ತಲೆಯಾಡಿಸುತ್ತಿದ್ದರು. ಅವರಿಗೂ ಗೊತ್ತಿತ್ತು. ಈ ಮನೆಯಲ್ಲಿ ಗೊತ್ತಿಲ್ಲದವರು ಒಬ್ಬರೇ.

ಬೇಳೆಯೊಂದನ್ನು ನಾವು ಸಂಭಾಳಿಸಿದೆವು. ಉಳಿದದ್ದನ್ನೆಲ್ಲ ಬೋರು ತನಗೆ ಬೇಕಾದ ಹಾಗೆ ಮಾಡಿಕೊಂಡು ಹೋಯಿತು. ಮಾವನ ಬಿಳಿ ಪಂಚೆಗಳು ಬೂದಿ ಬಣ್ಣಕ್ಕೆ ತಿರುಗಿದವು. ಅವರು ಸಾಬೂನು ಬದಲಾಯಿಸಿದರು, ಇನ್ನೊಂದು ಬದಲಾಯಿಸಿದರು, ಕೊನೆಗೆ ಅಂಗಡಿಯನ್ನೇ ಬದಲಾಯಿಸಿದರು. ತಲೆಗೆ ಸಾಬೂನು ಹಾಕಿ ಮಿಂದ ದಿನ ಅವರ ಕೂದಲು ತೆಂಗಿನ ನಾರಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಹರಳೆಣ್ಣೆ ಹಚ್ಚಿ ಮಲಗಿಸಿದರೆ ಸ್ವಲ್ಪ ಹೊತ್ತು ಮಲಗಿ ಮತ್ತೆ ಏಳುತ್ತಿತ್ತು. ಸ್ಟೀಲ್ ಲೋಟಗಳ ಮೇಲೆಲ್ಲ ಬಿಳಿ ಮಚ್ಚೆ. ಬಚ್ಚಲುಮನೆಯ ತಾಮ್ರದ ಹಂಡೆಯ ಒಳಗೆ ಒಂದು ಪದರ ಕಟ್ಟಿತು, ಅದರ ಮೇಲೆ ಇನ್ನೊಂದು ಪದರ. ನೀರು ಕಾಯಲು ಮೊದಲಿಗಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮಾವ ಅದಕ್ಕೆ ಹಸಿ ತೆಂಗಿನ ಮಟ್ಟೆಯನ್ನು ಬೈಯುತ್ತಿದ್ದರು.

ನಾನೊಮ್ಮೆ ಧೈರ್ಯ ಮಾಡಿ, "ಮಾವ, ಈ ನೀರು ಸ್ವಲ್ಪ ಗಡಸು ಅನ್ಸುತ್ತೆ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. "ಗಡಸು ಅಂದ್ರೆ ಗಟ್ಟಿ ತಾನೆ? ಗಟ್ಟಿ ನೀರು ಕುಡುದ್ರೆ ಮೂಳೆ ಗಟ್ಟಿ ಆಯ್ತವೆ ಕಣವ್ವ. ನಿಮ್ಮೂರ್ನಾಗೆ ಒಳೆ ನೀರು, ಮೆದು. ಅದ್ಕೇ ನೀವು ಇಂಗೆ ಸಣ್ಕಿದ್ದೀರಿ" ಎಂದರು.

ನಾನು ಮಣಿಕಟ್ಟಿನ ಮೂಳೆ ಮುಟ್ಟಿ ನೋಡಿಕೊಂಡು ಅಡುಗೆಮನೆಗೆ ಹೋದೆ.

ಎರಡನೆಯ ಬೇಸಿಗೆ ಶುರುವಾಗುತ್ತಲೇ ಪಟ್ಟಣದಲ್ಲಿ ನೀರಿಗೆ ಬರ ಬಂತು. ಪುರಸಭೆಯ ನಲ್ಲಿ ಯಾವಾಗ ಬಂದೀತೆಂದು ಹೇಳಲಾಗುತ್ತಿರಲಿಲ್ಲ. ಮಾವ ಒಂದು ಧರ್ಮದ ಕೆಲಸ ಮಾಡಿದರು. ಬೋರಿನಿಂದ ಪೈಪು ಎಳೆಸಿ, ಕಾಂಪೌಂಡಿನ ಹೊರಗೆ ಬೀದಿಗೆ ಒಂದು ನಲ್ಲಿ ಹಾಕಿಸಿದರು. ಯಾರು ಬೇಕಾದರೂ, ಎಷ್ಟು ಬೇಕಾದರೂ ಹಿಡಿಯಬಹುದು. ಕೆಳಗೆ ಬಿಂದಿಗೆ ಇಡಲು ಚಪ್ಪಡಿ ಹಾಸಿಸಿ, ಬೆಳಿಗ್ಗೆ ಎದ್ದು ಮುಖ ತೊಳೆದು ಜಗಲಿಯ ಮೇಲೆ ಕೂತರು.

ಮೊದಲ ದಿನ ಬೀದಿಯ ಹೆಂಗಸರೆಲ್ಲ ಬಂದರು. ಮಾರನೆಯ ದಿನ ಅರ್ಧ ಜನ. ವಾರ ಕಳೆಯುವಷ್ಟರಲ್ಲಿ ಯಾರೂ ಇಲ್ಲ. ನಮ್ಮ ಮನೆಯ ಮುಂದೆಯೇ ಖಾಲಿ ಬಿಂದಿಗೆ ಹಿಡಿದು, ನಮ್ಮ ನಲ್ಲಿಯನ್ನು ದಾಟಿ, ಹಿಂದಿನ ಬೀದಿಯ ಅಜ್ಜಿಯ ಬಾವಿಗೆ ಹೋಗುತ್ತಿದ್ದರು. ಆಮೇಲೆ ಲಾರಿಯವರು ಬಂದು ಚಕ್ರ ತೊಳೆಯಲು ಶುರು ಮಾಡಿದರು. ಮಾವ ದಿನವೂ ಕೂತು ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಹೋಗುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ, "ಯಾಕವ್ವ, ನಮ್ ನೀರು ಆಗ್ಬಾರ್ದಾ?" ಎಂದು ಕೇಳಿದರು.

"ನೀರೇನೋ ಚಂದಾಗೈತೆ ಗೌಡ್ರೆ, ಬ್ಯಾಳೆ ಬೇಯಕಿಲ್ಲ" ಎಂದಳು ಆಕೆ.

"ನಮ್ಮನೇಲಿ ಬೇಯ್ತದೆ!" ಎಂದರು ಮಾವ.

ಆಕೆ ಒಳಗೆ ನಿಂತಿದ್ದ ಅತ್ತೆಯ ಕಡೆ ನೋಡಿದಳು. ಆಕೆಯೂ ದಿನಾ ಅಜ್ಜಿಯ ಬಾವಿಗೆ ಬರುವವಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಕೆ ಏನೂ ಹೇಳದೆ ಹೊರಟುಹೋದಳು. ನಮ್ಮ ಬೀದಿಯವರು ಒಳ್ಳೆಯವರು.

ಅಂದು ಸಂಜೆ ನಾನು ಶಾಲೆಯಿಂದ ಬರುತ್ತಿದ್ದಂತೆ ಮಾವ ನನ್ನನ್ನು ಕರೆದು ಕೂರಿಸಿಕೊಂಡರು. ಮುಖ ಸಣ್ಣದಾಗಿತ್ತು. ಅವರು ಅಷ್ಟು ಮೆತ್ತಗೆ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ.

"ನೋಡವ್ವ, ನೀನು ಸೈನ್ಸ್ ಓದಿರೋಳು. ಜನ ಒಟ್ಟೆಕಿಚ್ಚಿಗೆ ಏನೇನೋ ಅಂತಾವ್ರೆ. ನೀನು ನಮ್ ನೀರ ಪರೀಕ್ಷೆ ಮಾಡಿ, ದೋಸ ಐತೆ ಅಂದ್ರೆ ಐತೆ, ಇಲ್ಲಾ ಅಂದ್ರೆ ಇಲ್ಲ ಅಂತ ಏಳ್ಬುಡು. ಬ್ಯಾರೆ ಯಾರ್ ಏಳಿದ್ರೂ ನಾನು ಕೇಳಕಿಲ್ಲ."

ನಾನು ಆಗಲಿ ಎಂದೆ. ಅಡುಗೆಮನೆಗೆ ಹೋದರೆ ಅತ್ತೆ ಕಾಯುತ್ತಿದ್ದರು. ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದರು.

"ಅದೇನ್ ಪರೀಕ್ಷೆನೋ, ಪಾಸ್ ಮಾಡ್ಬುಡವ್ವ" ಎಂದರು.

"ಅಂಗೆಲ್ಲ ಮಾಡಕ್ಕಾಗಲ್ಲ ಅತ್ತೆ."

"ಇಸ್ಕೂಲಾಗೆ ಎಂತೆಂತಾ ಉಡುಗ್ರನ್ನೆಲ್ಲ ಪಾಸ್ ಮಾಡ್ತೀರಂತೆ. ಒಂದು ನೀರ ಮಾಡಕ್ಕಾಗಕಿಲ್ವಾ?"

ಯಜಮಾನರನ್ನು ಕೇಳಿದೆ. ಅವರು, "ಕರೆಂಟಿನ ವಿಷಯ ಇದ್ರೆ ಹೇಳು" ಎಂದು ಪೇಪರ್ ಬಿಚ್ಚಿದರು.

ನಾನೊಂದು ಉಪಾಯ ಮಾಡಿದೆ, ಅಥವಾ ಮಾಡಿದೆನೆಂದುಕೊಂಡೆ. ಫಲಿತಾಂಶವನ್ನು ನಾನು ಬಾಯಲ್ಲಿ ಹೇಳುವುದು ಬೇಡ, ಮಾವ ತಾವೇ ನೋಡಲಿ. ಆಗ ಒಂಬತ್ತನೇ ತರಗತಿಗೆ ಅದೇ ಪಾಠ ನಡೆಯುತ್ತಿತ್ತು. "ಶಾಲೆಗೇ ಬನ್ನಿ ಮಾವ, ನಿಮ್ಮ ಎದುರಿಗೇ ಮಾಡ್ತೀನಿ" ಎಂದೆ. ಹೆಡ್‌ಮಾಸ್ಟರರ ಅನುಮತಿ ಕೇಳಿದರೆ, "ಬರ್ಲಿ ಬರ್ಲಿ. ಪೋಷಕರು ಶಾಲೆಗೆ ಬರೋಲ್ಲ ಅಂತ ಮೇಲಿನವರು ದೂರ್ತಾನೇ ಇರ್ತಾರೆ" ಎಂದರು.

ಮಾವ ಇದ್ದುದರಲ್ಲಿ ಬಿಳಿಯಾದ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿ, ಹಿತ್ತಾಳೆ ಚೊಂಬಿನಲ್ಲಿ ಬೋರ್ ನೀರು ತುಂಬಿ, ಮೇಲೆ ತಟ್ಟೆ ಮುಚ್ಚಿಕೊಂಡು, ದೇವಸ್ಥಾನಕ್ಕೆ ತೀರ್ಥ ತರುವವರ ಹಾಗೆ ಬಂದರು. ತಲೆಗೆ ಮಿಂದಿದ್ದರು. ಕೂದಲು ಎದ್ದು ನಿಂತಿತ್ತು. ಮಕ್ಕಳು ಎದ್ದು ನಿಂತು ನಮಸ್ಕಾರ ಸಾ ಎಂದರು. ಅವರಿಗೆ ಮುಂದಿನ ಬೆಂಚಿನಲ್ಲಿ ಜಾಗ ಮಾಡಿಕೊಟ್ಟೆವು.

ಮೂರು ಪ್ರನಾಳ ಇಟ್ಟೆ. ಒಂದಕ್ಕೆ ನಾನು ತವರಿಗೆ ಹೋದಾಗ ಹಳೇಕೋಟೆಯಿಂದ ತಂದ ಹೊಳೆ ನೀರು. ಇನ್ನೊಂದಕ್ಕೆ ಬಾವಿ ನೀರು, ಯಾವ ಬಾವಿ ಎಂದು ಹೇಳಲಿಲ್ಲ. ಮೂರನೆಯದಕ್ಕೆ ಮಾವನ ಚೊಂಬಿನಿಂದ. ಸಾಬೂನು ಹೆರೆದು ಕರಗಿಸಿದ ದ್ರಾವಣವನ್ನು ಫಿಲ್ಲರಿನಿಂದ ಹನಿ ಹನಿಯಾಗಿ ಬಿಟ್ಟು, ಹೆಬ್ಬೆರಳು ಮುಚ್ಚಿ ಕುಲುಕಿದೆ. ಹೊಳೆ ನೀರು ಕೆಲವೇ ಹನಿಗೆ ಬಾಯಿಯವರೆಗೆ ನೊರೆಯಾಯಿತು. ಬಾವಿ ನೀರಿಗೆ ಸ್ವಲ್ಪ ಹೆಚ್ಚು ಹನಿ ಬೇಕಾಯಿತು, ಆದರೂ ನೊರೆ ನಿಂತಿತು. ಮೂರನೆಯದಕ್ಕೆ ಹಾಕುತ್ತ ಹೋದೆ, ಹಾಕುತ್ತ ಹೋದೆ. ನೊರೆಯಿಲ್ಲ. ಒಡೆದ ಹಾಲಿನ ಹಾಗೆ ಬಿಳಿಯ ಚೂರುಗಳು ತೇಲಿ, ಗಾಜಿಗೆ ಅಂಟಿಕೊಂಡವು.

"ಏನಾಯ್ತು ಇಲ್ಲಿ?" ಎಂದು ಮಕ್ಕಳನ್ನು ಕೇಳಿದೆ. ಅಭ್ಯಾಸಬಲ.

"ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ಕರಗದ ಲವಣ ಆಗ್ತದೆ ಮಿಸ್" ಎಂದಳು ಹಿಂದಿನ ಬೆಂಚಿನ ಹುಡುಗಿ. ಕೇಳದಿದ್ದರೂ ಮುಂದುವರಿಸಿದಳು. "ನಮ್ಮನೆ ಬೋರೂ ಇಂಗೇಯ ಮಿಸ್. ಬೇಳೆ ಬೇಯಕಿಲ್ಲ."

"ನಮ್ದೂ ಬೇಯಕಿಲ್ಲ ಮಿಸ್" ಎಂದ ಇನ್ನೊಬ್ಬ. ಆಮೇಲೆ ಕ್ಲಾಸೆಲ್ಲ ಬೇಳೆ ಬೇಯದ ಮನೆಗಳೇ.

ಮಾವ ಬೆಂಚಿನಿಂದ ಎದ್ದರು. ಪ್ರನಾಳ ಈಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಸೋತವರ ಹಾಗೆ ಕಾಣಲಿಲ್ಲ.

"ಸೋಪಿಂದು ಸರಿ. ನಾನು ಒಪ್ಪುಕತ್ತೀನಿ" ಎಂದರು. "ಆದ್ರೆ ಬ್ಯಾಳೆ ವಿಚಾರ ಸುಳ್ಳು. ನಮ್ಮನೇಲಿ ಬೇಯ್ತದೆ. ನಾನು ದಿನಾ ಎರಡೊತ್ತು ಉಣ್ಣೋನು. ಬೆಣ್ಣೆ ಬೆಂದಂಗೆ ಬೇಯ್ತದೆ."

ಮಕ್ಕಳು ನನ್ನ ಕಡೆ ತಿರುಗಿದರು.

"ಏಳವ್ವ, ನೀನೇ ಅಲ್ವಾ ಬೇಯ್ಸಾದು. ಬೇಯ್ತದೋ ಇಲ್ವೋ?"

ವಿಜ್ಞಾನದಲ್ಲಿ ಪ್ರಯೋಗ, ವೀಕ್ಷಣೆ, ತೀರ್ಮಾನ ಎಂದು ನಾನೇ ಆ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಮಾವ ಹೆಚ್ಚು ಕಡಿಮೆ ಎರಡು ವರ್ಷ ದಿನವೂ ವೀಕ್ಷಣೆ ಮಾಡಿದ್ದರು. ಅವರ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಪ್ರಯೋಗದಲ್ಲಿ ಕಲಬೆರಕೆಯಾಗಿತ್ತು, ಮಾಡಿದವರು ನಾವು.

"ಬೇಯುತ್ತೆ ಮಾವ" ಎಂದೆ.

"ಕೇಳುಸ್ಕಂಡ್ರಾ?" ಎಂದು ಅವರು ಕ್ಲಾಸಿನ ಕಡೆ ತಿರುಗಿದರು. ಹಿಂದಿನ ಬೆಂಚಿನ ಹುಡುಗಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅವಳು ನನ್ನ ಕ್ಲಾಸಿನ ಜಾಣೆ. ಕೈ ಎತ್ತಿ, "ಅದೆಂಗೆ ಬೇಯ್ತದೆ ಮಿಸ್?" ಎಂದಳು. ಬೆಲ್ ಹೊಡೆಯಿತು. ಅಷ್ಟು ಸರಿಯಾದ ಹೊತ್ತಿಗೆ ಆ ಶಾಲೆಯಲ್ಲಿ ಬೆಲ್ ಯಾವತ್ತೂ ಹೊಡೆದಿರಲಿಲ್ಲ.

ಅವಳ ಪ್ರಶ್ನೆ ಮಾವನ ತಲೆಯಲ್ಲೂ ಹೊಕ್ಕಿತ್ತು ಎಂದು ಕಾಣುತ್ತದೆ. ಸಂಜೆ ನಾನು ಮನೆಗೆ ಬಂದು ಮುದ್ದೆಗೆ ಎಸರಿಡುತ್ತಿದ್ದಾಗ ಅವರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

"ಮುದ್ದೆ ಮಾಡಿ ಮಡಗಿ ಇಬ್ರೂ ಆಚೆಗೆ ನಡೀರಿ. ಇವತ್ತು ಸಾರು ನಾನು ಮಾಡ್ತೀನಿ."

ಅತ್ತೆ ನಲವತ್ತು ವರ್ಷದ ಸಂಸಾರದಲ್ಲಿ ಅಂಥ ಮಾತು ಕೇಳಿರಲಿಲ್ಲ. "ಮೈಗೆ ಉಸಾರಿಲ್ವಾ?" ಎಂದರು. ಗ್ಯಾಸ್ ಹಚ್ಚಲು ಮಾವನಿಗೆ ಬರುತ್ತಿರಲಿಲ್ಲ, ಅದಕ್ಕೆ ಮಗನನ್ನು ಕರೆದರು. ಹಚ್ಚಿದ ಮೇಲೆ ಅವರನ್ನೂ ಆಚೆಗೆ ಕಳಿಸಿದರು. ನಾವು ಮೂವರೂ ನಡುಮನೆಯಲ್ಲಿ ಕೂತೆವು. ಒಳಗೆ ಡಬ್ಬಗಳು ಒಂದೊಂದಾಗಿ ತೆರೆದು ಮುಚ್ಚುವ ಸದ್ದು. ಮಾವ ಬೇಳೆ ಹುಡುಕುತ್ತಿದ್ದರು.

"ಮೂಲೇಲಿ, ಮೇಲ್ಗಡೆ" ಎಂದರು ಅತ್ತೆ ಇಲ್ಲಿಂದ.

"ನಂಗೊತ್ತು."

"ಅರಿಶಿಣ ಆಕಿ."

"ಗೊತ್ತು ಅಂದ್ನಲ್ಲ."

ನಲ್ಲಿಯಿಂದ ನೀರು ಬೀಳುವ ಸದ್ದು ಕೇಳಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಕುಕ್ಕರ್ ಕೂಗಿತು. ಇಳಿಸಿದರು, ತೆರೆದರು, ಸೌಟು ತಳಕ್ಕೆ ತಾಗುವ ಸದ್ದು. ಮತ್ತೆ ಮುಚ್ಚಿ ಇಟ್ಟರು. ಮತ್ತೆ ಕೂಗಿತು. ಹೀಗೆ ಎಷ್ಟು ಸಲವಾಯಿತೋ, ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಯಾರಾದ್ರೂ ನೆಂಟ್ರು ಬಂದವ್ರಾ?" ಎಂದು ಕೂಗಿ ಕೇಳಿದಳು.

ಮಾವ ಬಾಗಿಲು ತೆರೆದು, "ಬನ್ನಿ ಉಣ್ಣಕೆ" ಎಂದರು.

ಅವರೇ ಬಡಿಸಿದರು. ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಹಳದಿ ನೀರು, ಅದರ ತಳದಲ್ಲಿ ಬೇಳೆ. ಉಪ್ಪು, ಖಾರ, ಹುಳಿ ಎಲ್ಲ ಹಾಕಿದ್ದರು, ಸ್ವಲ್ಪ ಹೆಚ್ಚೇ ಹಾಕಿದ್ದರು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವುದು. ಅಂದು ಆಗಲಿಲ್ಲ. ಬೇಳೆ ಗಂಟಲಿಗೆ ಅಡ್ಡ ಬರುತ್ತಿತ್ತು. ನಾಲ್ವರೂ ಮುದ್ದೆಯನ್ನು ಅಗಿದೆವು. ಕಟಕಟ ಎನ್ನುವ ಸದ್ದು ಮನೆಯೆಲ್ಲ ಕೇಳಿಸಿತು. ಮಾವ ಒಂದು ಬೇಳೆಯನ್ನೂ ಬಿಡದೆ ತಟ್ಟೆ ಖಾಲಿ ಮಾಡಿ, ಕೈ ತೊಳೆದು, ವಲ್ಲಿಯಿಂದ ಒರೆಸಿಕೊಂಡು, ಅತ್ತೆಯ ಕಡೆ ತಿರುಗಿದರು.

"ಆ ದೊಡ್ಡ ಕ್ಯಾನಲ್ಲಿ ಏನು ತತ್ತಿದ್ದೆ?"

"ನೀರು" ಎಂದರು ಅತ್ತೆ.

"ಯಾವತ್ತಿಂದ?"

"ಬೋರ್ ಬಂದಾಗ್ಲಿಂದ."

"ಬೆಕ್ಕು?"

"ಬೆಕ್ಕಿಲ್ಲ."

ಮಾವ ನನ್ನ ಕಡೆ ನೋಡಿದರು, ಮಗನ ಕಡೆ ನೋಡಿದರು. ಇಬ್ಬರೂ ತಟ್ಟೆ ನೋಡುತ್ತಿದ್ದೆವು. ನನಗೆ ಬೀದಿಗೆ ನಲ್ಲಿ ಹಾಕಿಸಿದ ದಿನ ಈ ಮನುಷ್ಯನ ಮುಖ ಹೇಗಿತ್ತೆಂದು ನೆನಪಾಯಿತು. ಅಷ್ಟು ದಿನ ಇಡೀ ಬೀದಿಗೆ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿಲ್ಲದಿದ್ದರೆ ಯಾರಿಗೆ ತಾನೆ ನೋವಾಗುವುದಿಲ್ಲ?

ಅವರು ಎದ್ದು ಜಗಲಿಗೆ ಹೋದರು. ಹೊಸ್ತಿಲು ದಾಟುವ ಮುಂಚೆ ನಿಂತು, ತಿರುಗದೆ ಹೇಳಿದರು.

"ನಾಳಿಂದ ಬಿಂದ್ಗೇಲೇ ತನ್ನಿ. ಕ್ಯಾನಾಗೆ ತಂದ್ರೆ ಕೈ ನೋಯ್ತದೆ."

ಅಷ್ಟೇ. ಮಾರನೆಯ ದಿನ ಅತ್ತೆ ಬಿಂದಿಗೆ ಹಿಡಿದು ರಾಜಾರೋಷವಾಗಿ ಹೊರಟಾಗ ಬೀದಿಯ ಹೆಂಗಸರು ದಾರಿ ಬಿಟ್ಟರು. ಅಜ್ಜಿ ಮಾತ್ರ, "ಇದೇನವ್ವಾ, ಇವತ್ತು ಆಲು ಬ್ಯಾಡ್ವಾ?" ಎಂದು ಗಾಬರಿಯಾದರಂತೆ.

ಶಾಲೆಯಲ್ಲಿ ಆ ಹುಡುಗಿಗೆ ಮರುದಿನವೇ ಉತ್ತರ ಹೇಳಿದೆ. ಬೇಳೆ ಬೇಯಿಸಿದ್ದು ಬೇರೆ ನೀರಿನಲ್ಲಿ ಎಂದೆ. "ನಂಗೆ ನಿನ್ನೇನೇ ಗೊತ್ತಿತ್ತು ಮಿಸ್, ನೀವು ಬಾವಿ ಯಾವ್ದು ಅಂತ ಹೇಳ್ಲಿಲ್ಲ" ಎಂದಳು.

ಒಂದು ವಾರ ಕಳೆಯಿತು. ಆಮೇಲೆ ಒಂದು ಭಾನುವಾರ ಮಾವ ಬಚ್ಚಲುಮನೆಯ ಹಂಡೆಯೊಳಗೆ ತಲೆ ಹಾಕಿ, ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ ತಂದು ನನ್ನ ಕೈಗೆ ಕೊಟ್ಟರು. ಬಿಳಿ, ಗಟ್ಟಿ, ಹಪ್ಪಳದಷ್ಟು ದಪ್ಪ.

"ಇದು ಏನು?"

"ನೆಲದೊಳಗಿನ ಕಲ್ಲು ಮಾವ. ನೀರಲ್ಲಿ ಕರಗಿ ಬಂದಿರುತ್ತೆ. ಕಾಸಿದಾಗ ಕರಗದ ಲವಣವಾಗಿ ಮತ್ತೆ ಕಲ್ಲಾಗುತ್ತೆ."

"ಅಂಗಾರೆ ಇಷ್ಟು ದಿನ ನಾನು ಕುಡುದಿದ್ದು ಕಲ್ಲಾ?"

"ಗಟ್ಟಿ ನೀರು ಅಂತ ನೀವೇ ಹೇಳಿದ್ರಲ್ಲ."

ಅವರು ನಕ್ಕರು. ಆ ಶಾಲೆಯ ದಿನದ ನಂತರ ನಕ್ಕದ್ದು ಅದೇ ಮೊದಲು. ಕಕ್ಕಸು ತೊಳೆಯಲು ತಂದಿದ್ದ ಆಸಿಡ್‌ನಲ್ಲಿ ಸ್ವಲ್ಪವನ್ನು ನಾನು ಬಕೆಟ್ಟಿನ ನೀರಿಗೆ ಬೆರೆಸಿ, ಉದ್ದ ಕೋಲಿಗೆ ಬಟ್ಟೆ ಸುತ್ತಿ, ಹಂಡೆಯ ಒಳಗೆ ಸವರಿದೆ. ಬಿಳಿ ಪದರ ಬುಸುಬುಸು ಎಂದು ನೊರೆಯೆದ್ದು ಕರಗಿತು. ಅದು ಕಾರ್ಬೊನೇಟು, ಆಮ್ಲಕ್ಕೆ ಸಿಕ್ಕಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕರಗುವ ಲವಣವಾಗುತ್ತದೆ ಎಂದೆ. ಮಾವ ಪಾಠ ಕೇಳಲಿಲ್ಲ, ನೊರೆ ನೋಡಿದರು. "ಸೋಪಿಗೆ ಬರ್ದಿದ್ ನೊರೆ ಇದ್ಕೆ ಬತ್ತಲ್ಲ!" ಎಂದರು. ಪಕ್ಕದ ಮನೆಯವರನ್ನೂ ಕರೆದು ತೋರಿಸಿದರು. ಹಂಡೆಯನ್ನು ಎಷ್ಟೋ ಸಲ ತೊಳೆದು, ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ತಾಮ್ರ ಕೆಂಪಗೆ ಹೊಳೆಯಿತು. ಆವತ್ತು ನೀರು ಬೇಗ ಕಾಯಿತು. ಹಸಿ ಮಟ್ಟೆಯ ಮೇಲಿದ್ದ ಆರೋಪ ಬಿದ್ದುಹೋಯಿತು.

ಆಮೇಲೆ ಅವರಿಗೆ ಕುತೂಹಲ ಹತ್ತಿತು. ಬಟ್ಟೆಗೆ ಏನು ಮಾಡಬೇಕೆಂದು ಕೇಳಿದರು. ವಾಷಿಂಗ್ ಸೋಡಾ ಕರಗಿಸಿ, ಬಿಳಿಯದು ತಳ ಸೇರಿದ ಮೇಲೆ ಮೇಲಿನ ನೀರಿನಲ್ಲಿ ಒಗೆಯಿರಿ ಎಂದೆ. ಪಂಚೆ ಪೂರ್ತಿ ಬಿಳಿಯಾಗದಿದ್ದರೂ ಬೂದಿ ಬಣ್ಣದಿಂದ ಮೇಲೆದ್ದಿತು. ಮಾವ ಒಂದು ಚೀಲ ಸೋಡಾ ತಂದು ಬೀದಿಯ ನಲ್ಲಿಯ ಪಕ್ಕ ಕೂತು, ಬಟ್ಟೆಗೆ ನೀರು ಹಿಡಿಯಲು ಬಂದವರಿಗೆಲ್ಲ ಒಂದೊಂದು ಹಿಡಿ ಕೊಟ್ಟು ವಿಧಾನ ಹೇಳಿಕೊಟ್ಟರು. "ಮೊದ್ಲು ಕಲ್ಲು ಕೆಳಗಿಳೀಲಿ, ಆಮ್ಯಾಕೆ ಬಟ್ಟೆ ಇಳ್ಸಿ" ಎನ್ನುತ್ತಿದ್ದರು. ಪಠ್ಯಪುಸ್ತಕದಲ್ಲಿ ಇದಕ್ಕಿಂತ ಉದ್ದವಾಗಿದೆ, ಇದಕ್ಕಿಂತ ಸ್ಪಷ್ಟವಾಗಿಲ್ಲ. ಹೆಂಗಸರು ನಲ್ಲಿಗೆ ಮತ್ತೆ ಬಂದರು. ಕುಡಿಯಲು ಅಲ್ಲ, ಒಗೆಯಲು. ಮಾವನಿಗೆ ಅಷ್ಟು ಸಾಕಾಯಿತು. ತಾವು ಮಾತ್ರ ಕುಡಿಯುವುದನ್ನು ಬಿಡಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮ ಬೀದಿಗೆ ಹೊಳೆ ನೀರಿನ ಪೈಪು ಬಂತು. ನೀರು ಬಿಟ್ಟ ದಿನ ಬೆಳಿಗ್ಗೆ ಮಾವ ಮೊದಲ ಲೋಟ ಹಿಡಿದು ಕುಡಿದರು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು.

"ಎಂಗೈತೆ?" ಎಂದರು ಅತ್ತೆ.

"ಸಪ್ಪೆ" ಎಂದು ಲೋಟ ಕೆಳಗಿಟ್ಟು, ಹಿತ್ತಲಿಗೆ ಹೋಗಿ ಬೋರ್ ನೀರು ಕುಡಿದು ಬಂದರು.

ಅತ್ತೆ ಹೊಳೆ ನೀರು ಕಾಸಿಕೊಂಡು ತಲೆಗೆ ಸ್ನಾನಕ್ಕೆ ಹೋದರು. ಹಿರೀಸಾವೆ ಕಡೆ ಹುಟ್ಟಿ, ಇಲ್ಲಿ ಸಂಸಾರ ಮಾಡಿ, ಅವರು ಅಷ್ಟು ಮೆದು ನೀರಿನಲ್ಲಿ ಎಂದೂ ಮಿಂದವರಲ್ಲ. ತುಂಬ ಹೊತ್ತಾದರೂ ಹೊರಗೆ ಬರಲಿಲ್ಲ. ಚೊಂಬಿನಿಂದ ಸುರಿಯುವ ಸದ್ದು ಮಾತ್ರ ನಿಲ್ಲದೆ ಕೇಳುತ್ತಿತ್ತು. ನಾನು ಬಾಗಿಲ ಹತ್ತಿರ ಹೋಗಿ ಏನಾಯಿತು ಅತ್ತೆ ಎಂದೆ.

"ಎಷ್ಟು ಉಯ್ಕಂಡ್ರೂ ಸೋಪು ಓಯ್ತಾನೇ ಇಲ್ಲ ಕಣವ್ವ" ಎಂದು ಒಳಗಿಂದ ಕೂಗಿದರು. "ಮೈಯೆಲ್ಲ ಜಾರ್ತದೆ."

"ಹೋಗಿದೆ ಅತ್ತೆ. ಮೆದು ನೀರಲ್ಲಿ ಹಂಗೇ ಅನ್ಸುತ್ತೆ. ಬನ್ನಿ ಆಚೆಗೆ."

"ನಿಂಗೇನ್ ಗೊತ್ತು, ನೀನು ಆಚೆ ನಿಂತಿದೀಯ" ಎಂದು ಇನ್ನೊಂದು ಚೊಂಬು ಸುರಿದುಕೊಂಡರು.